ಬಚ್ಚಲೊಲೆಗೆ ಹೋದ ಕಾಗದಗಳು

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಊರಿನ ಹೆಂಗಸರಿಗೆ ಅಟ್ಟ ಗುಡಿಸುವ ಕೆಲಸ. ಮಳೆಗಾಲದ ನಾಲ್ಕು ತಿಂಗಳು ಒಲೆಯ ಹೊಗೆ, ಬೂಸ್ಟು, ಒರಲೆ ಎಲ್ಲ ಸೇರಿ ಅಟ್ಟವನ್ನು ಏನು ಮಾಡಿರುತ್ತವೆಂದು ಮಲೆಯ ಬುಡದಲ್ಲಿ ಸಂಸಾರ ಮಾಡಿದವರಿಗೆ ಹೇಳಬೇಕಾಗಿಲ್ಲ. ನಾನು ಕೊಲ್ಲಮೊಗ್ರಿಗೆ ಸೊಸೆಯಾಗಿ ಬಂದ ವರ್ಷ, 2001ರಲ್ಲಿ, ಆ ಕೆಲಸ ನನ್ನ ಪಾಲಿಗೆ ಬಂತು. ಹೊಸ ಸೊಸೆ, ಚುರುಕು ತೋರಿಸಬೇಕಲ್ಲ! ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದೆ.

ಹಳೆಯ ಕಳಸೆ, ಮುರಿದ ತೊಟ್ಟಿಲು, ಕುಕ್ಕೆ, ಇವುಗಳ ಹಿಂದೆ ಬಾಳೆನಾರಿನಲ್ಲಿ ಬಿಗಿದ ಒಂದು ಕಾಗದದ ಕಟ್ಟು ಇತ್ತು. ಅಂಚೆಲ್ಲ ಒರಲೆ ತಿಂದದ್ದು. ಬಿಚ್ಚಿದರೆ ಪುಡಿ ಉದುರುತ್ತಿತ್ತು. ಒಂದೆರಡು ಹಾಳೆ ನೋಡಿದೆ. ಕನ್ನಡವೇ, ಆದರೆ ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ, ನಿಲ್ಲಿಸುವ ಗುರುತಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ನನಗೇ ಓದಲು ಬಾರದ ಮೇಲೆ ಇನ್ನು ಯಾರಿಗೆ ಬೇಕು ಎಂದುಕೊಂಡೆ. ಒಂದು ಮಾತ್ರ ಕಣ್ಣಿಗೆ ಬಿದ್ದಿತ್ತು: ಬರೆದವರು ‘ಳ’ ಅಕ್ಷರದ ಬಾಲವನ್ನು ಕೆಳಗಿನ ಸಾಲಿನವರೆಗೂ ಎಳೆದಿದ್ದರು, ಬಳ್ಳಿ ಇಳಿಬಿಟ್ಟ ಹಾಗೆ. ನೀರು ತುಂಬುವ ಹಬ್ಬದ ಮರುದಿನ ಬೆಳಗ್ಗೆ ಎಣ್ಣೆಸ್ನಾನಕ್ಕೆ ಹಂಡೆಯ ಕೆಳಗೆ ಬೆಂಕಿ ಮಾಡಲು ಆ ಕಟ್ಟನ್ನೇ ಒಲೆಗೆ ತುರುಕಿದೆ. ಅತ್ತೆ ಬಚ್ಚಲ ಬಾಗಿಲಿಗೆ ಬಂದರು, ಒಲೆ ನೋಡಿದರು, ನನ್ನ ಮುಖ ನೋಡಿದರು. “ಆಯ್ತು, ನೀರು ಬೇಗ ಕಾಯಲಿ” ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಮೌನದ ಅರ್ಥ ನನಗೆ ಆದದ್ದು ಇಪ್ಪತ್ತೆರಡು ವರ್ಷದ ನಂತರ.

ಮಂಗಳೂರಿನಲ್ಲಿ ಕಾಲೇಜು ಓದುವ ಮಗಳು 2023ರ ಜೂನ್‌ನಲ್ಲಿ ಮನೆಗೆ ಬಂದಿದ್ದಳು. ಜುಲೈ 1 ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ. ಅವಳಿಗೆ ಕಾಲೇಜಿನಲ್ಲಿ ಐದು ನಿಮಿಷ ಭಾಷಣ ಮಾಡಬೇಕಿತ್ತು. ನಾನು ಪತ್ರೊಡೆಗೆ ಅಕ್ಕಿ ರುಬ್ಬುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ ಬಾಯಿಪಾಠ ಮಾಡುತ್ತಿದ್ದಳು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಟಿತು. ಹೊರಡಿಸಿದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಎಂಬ ಜರ್ಮನಿಯ ಪಾದ್ರಿ. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಹದಿನೈದು ದಿನಕ್ಕೊಮ್ಮೆ ಎಂದದ್ದು ಕೇಳಿ ನನಗೆ ನಗು ಬಂತು. ನಾವು ಅಂಚೆಯಣ್ಣನ ದಾರಿ ಕಾಯುವ ಹಾಗೆ ಆಗಿನವರೂ ಕಾಯುತ್ತಿದ್ದರೇನೋ! ಊರ ವರ್ತಮಾನ, ಸರಕಾರದ ಆಜ್ಞೆಗಳು, ಕಥೆ, ಹಾಡು, ಎಲ್ಲ ಅದರಲ್ಲಿರುತ್ತಿತ್ತಂತೆ. ಒಂದು ವರ್ಷ ತುಂಬುವುದರೊಳಗೆ, 1844ರಲ್ಲಿ, ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು.

“ಇದೆಲ್ಲ ಕಲ್ಲಚ್ಚಿನಲ್ಲಿ ಮಾಡಿದ್ದು ಅಮ್ಮ, ನೋಡು ಹೇಗಿರ್ತದೆ” ಎಂದು ಆ ಕಾಲದ ಒಂದು ಪುಸ್ತಕದ ಪುಟವನ್ನು ಮೊಬೈಲಿನಲ್ಲಿ ತೋರಿಸಿದಳು. ಕೈ ಒರೆಸಿಕೊಂಡು ನೋಡಿದೆ.

“ಇದು ಅಚ್ಚಲ್ಲ, ಕೈಬರಹ” ಎಂದೆ.

“ಅಚ್ಚೇ.”

“ನನಗೆ ಕಣ್ಣು ಕಾಣುವುದಿಲ್ಲವಾ? ಸಾಲು ಸ್ವಲ್ಪ ಮೇಲೆ ಹೋಗಿದೆ ನೋಡು. ಈ ‘ಕ’ ಒಂದು ಹಾಗೆ, ಆ ‘ಕ’ ಒಂದು ಹೀಗೆ. ಅಚ್ಚಿನ ಮೊಳೆಯಲ್ಲಿ ಹೀಗೆ ಬರ್ತದಾ?”

ಇಬ್ಬರು ಹೇಳಿದ್ದೂ ಸರಿಯಾಗಿತ್ತು. ಅದು ಕೈಬರಹವೂ ಹೌದು, ಅಚ್ಚೂ ಹೌದು. ಹೇಗೆಂದು ತಿಳಿದಾಗ ನನಗೆ ಆದ ಆಶ್ಚರ್ಯ ನಿಮಗೂ ಆಗಬಹುದೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಡುಗೆಮನೆಯ ಅನುಭವ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ.

ಎಣ್ಣೆ ಸವರಿದ ಕಾವಲಿಯ ಮೇಲೆ ನೀರು ಚಿಮುಕಿಸಿದರೆ ಎಣ್ಣೆ ಇದ್ದಲ್ಲಿ ನೀರು ನಿಲ್ಲುವುದಿಲ್ಲ, ಓಡುತ್ತದೆ. ಕಲ್ಲಚ್ಚಿನ ಗುಟ್ಟು ಇಷ್ಟೇ. ಜರ್ಮನಿಯಲ್ಲಿ ಸೋಲ್ನ್‌ಹೋಫೆನ್ ಎಂಬಲ್ಲಿ ಸಿಗುವ ನುಣುಪಾದ ಸುಣ್ಣದಕಲ್ಲಿನ ಹಲಗೆಯನ್ನು ಮರಳು, ನೀರು ಹಾಕಿ ಸಪಾಟಾಗಿ ಉಜ್ಜುತ್ತಾರೆ. ಅದರ ಮೇಲೆ ಮೇಣ, ಸಾಬೂನು, ದೀಪದ ಮಸಿ ಸೇರಿಸಿ ಮಾಡಿದ ಜಿಡ್ಡಿನ ಶಾಯಿಯಿಂದ ಬರೆಯುತ್ತಾರೆ. ಮೇಲಿಂದ ಗೋಂದು ಮತ್ತು ತೆಳುವಾದ ಆಮ್ಲ ಹಚ್ಚಿ ಕಲ್ಲನ್ನು ಒದ್ದೆ ಮಾಡುತ್ತಾರೆ. ಬರಹ ಇಲ್ಲದ ಜಾಗ ನೀರು ಹಿಡಿದುಕೊಳ್ಳುತ್ತದೆ, ಜಿಡ್ಡಿನ ಅಕ್ಷರ ನೀರನ್ನು ದೂರ ಇಡುತ್ತದೆ. ಆಮೇಲೆ ಎಣ್ಣೆಯ ಕಪ್ಪು ಶಾಯಿಯ ಉರುಳೆ ಓಡಿಸಿದರೆ ಶಾಯಿ ಅಕ್ಷರಕ್ಕೆ ಮಾತ್ರ ಹತ್ತುತ್ತದೆ. ಕಾಗದ ಇಟ್ಟು ಒತ್ತಿದರಾಯಿತು. ಕಲ್ಲಿನ ಮೇಲೆ ಅಕ್ಷರ ತಿರುಗುಮುರುಗಾಗಿ ಇರಬೇಕು. ಹಾಗಾಗಿ ಉಲ್ಟಾ ಬರೆಯಲು ಕಲಿಯಬೇಕು, ಇಲ್ಲವೆ ಒಂದು ಬಗೆಯ ಲೇಪದ ಕಾಗದದಲ್ಲಿ ಸರಿಯಾಗಿ ಬರೆದು ಅದನ್ನು ಕಲ್ಲಿಗೆ ಕವುಚಿ ಒತ್ತಬೇಕು.

ಇದನ್ನು ಕಂಡುಹಿಡಿದ ಸೆನೆಫೆಲ್ಡರ್ ಎಂಬವನ ಕಥೆ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. 1796ರ ಸುಮಾರಿಗೆ ಅವನು ಕಲ್ಲುಗಳನ್ನು ಇಟ್ಟುಕೊಂಡು ಏನೇನೋ ಪ್ರಯೋಗ ಮಾಡುತ್ತಿದ್ದ. ಒಂದು ದಿನ ಬಟ್ಟೆ ಒಗೆಯುವಾಕೆ ಬಾಗಿಲಲ್ಲಿ ಕಾಯುತ್ತಿದ್ದಳು. ಅವನ ತಾಯಿ, ಒಗೆಯಲು ಕೊಡುವ ಬಟ್ಟೆಗಳ ಲೆಕ್ಕ ಬರೆದುಕೋ ಎಂದಳು. ಮನೆಯಲ್ಲಿ ಒಂದು ಚೂರು ಕಾಗದ ಇರಲಿಲ್ಲ. ಕೈಗೆ ಸಿಕ್ಕಿದ ಕಲ್ಲಿನ ಮೇಲೆಯೇ ತನ್ನ ಶಾಯಿಯಲ್ಲಿ ಲೆಕ್ಕ ಗೀಚಿದ. ಅಳಿಸುವ ಮೊದಲು, ಇದರಿಂದ ಅಚ್ಚು ತೆಗೆದರೆ ಹೇಗೆ ಎಂದು ಅವನ ತಲೆಗೆ ಹೊಳೆಯಿತು. ಇದು ಅವನೇ ಬರೆದಿಟ್ಟ ಸಂಗತಿ. ಆ ತಾಯಿ ಲೆಕ್ಕ ಇಡುವ ಹೆಂಗಸಾಗಿದ್ದಳು ಎಂದು ನಾನು ಗಮನಿಸಿದೆ, ಮಗಳು ಗಮನಿಸಲಿಲ್ಲ.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮ ಸುಳ್ಯದ ಸೀಮೆ ಕೊಡಗಿನ ಅರಸರ ಕೈಯಿಂದ ಹೋಗಿ ಇಂಗ್ಲಿಷರ ಕೆನರಾ ಜಿಲ್ಲೆಗೆ ಸೇರಿದ್ದೂ ಅದೇ ವರ್ಷ ಕೊಡಗು ಬಿದ್ದ ಮೇಲೆ. ಮಿಷನ್ನಿನವರ ಕಲ್ಲಚ್ಚು 1841ರಲ್ಲಿ ಮಂಗಳೂರಿನಲ್ಲಿ ಸುರುವಾಯಿತು. ಅವರು ಬಂದದ್ದು ತಮ್ಮ ಧರ್ಮ ಹೇಳಲು, ಅದರಲ್ಲಿ ಗುಟ್ಟೇನಿಲ್ಲ. ಆದರೆ ಮೊಗ್ಲಿಂಗರು ನಮ್ಮ ಪುರಾಣ ಕಾವ್ಯಗಳನ್ನೂ ಹುಡುಕಿದರು. ನ್ಯಾಯಾಧೀಶರಾಗಿದ್ದ ಕ್ಯಾಸಮೇಜರ್ ಎಂಬವರು ಹಣ ಕೊಟ್ಟರು. 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು, ‘ರಾವಣ ದಿಗ್ವಿಜಯ’ ಎಂಬ ಯಕ್ಷಗಾನ ಪ್ರಸಂಗ ಹೊರಬಂದವು. ಓಲೆಗರಿಯಲ್ಲಿ ಇದ್ದದ್ದು, ಬಾಯಿಯಲ್ಲಿ ಇದ್ದದ್ದು ಕಲ್ಲಿಗೆ ಇಳಿದು ಕಾಗದಕ್ಕೆ ಬಂತು. 1851ರಲ್ಲಿ ಯುರೋಪಿನಿಂದ ಒಳ್ಳೆಯ ಕನ್ನಡ ಮೊಳೆಗಳು ಬಂದ ಮೇಲೆ ಮೊಳೆಯ ಅಚ್ಚು ಮುಂದಾಯಿತು. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದದ್ದು ಮಂಗಳೂರಿನಿಂದಲೇ.

ಮಗಳು ತೋರಿಸಿದ ಪುಟ ಇದ್ದದ್ದು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಮೊಗ್ಲಿಂಗರ ಗೆಳೆಯ, ಮಲಯಾಳಕ್ಕೆ ನಿಘಂಟು ಬರೆದ ಹರ್ಮನ್ ಗುಂಡರ್ಟ್ ಊರಿಗೆ ಮರಳುವಾಗ ಒಯ್ದ ಕಲ್ಲಚ್ಚಿನ ಪುಸ್ತಕ, ಹಸ್ತಪ್ರತಿಗಳು ಅಲ್ಲಿ ಜೋಪಾನವಾಗಿ ಉಳಿದಿವೆ. ಕಾದಂಬರಿಗಾರ ಹರ್ಮನ್ ಹೆಸ್ಸೆ ಇವರ ಮೊಮ್ಮಗ. ಹೆಸ್ಸೆಯ ತಾಯಿ ಹುಟ್ಟಿದ್ದು 1842ರಲ್ಲಿ ತಲಶ್ಶೇರಿಯಲ್ಲಿ. ಆ ಸಂಗ್ರಹವನ್ನು 2018ರಲ್ಲಿ ಚಿತ್ರ ತೆಗೆದು ಎಲ್ಲರೂ ನೋಡುವ ಹಾಗೆ ತೆರೆದಿಟ್ಟರು. ಮಲಯಾಳದ್ದು ಹೆಚ್ಚು, ಕನ್ನಡ ತುಳುವಿನದ್ದೂ ಇದೆ.

ಅಚ್ಚಾದ ಮೇಲೆ ಕಲ್ಲು ಏನಾಗುತ್ತಿತ್ತು ಎಂದು ಕೇಳಿದೆ. ಮತ್ತೆ ಮರಳು ಹಾಕಿ ಉಜ್ಜಿ, ಹಳೆಯ ಬರಹ ತೆಗೆದು, ಬೇರೆ ಪುಟ ಬರೆಯುತ್ತಿದ್ದರಂತೆ. ಶಾಲೆಯ ಸ್ಲೇಟಿನ ಹಾಗೆ. ಅಂದರೆ ಕಲ್ಲು ಗಟ್ಟಿ, ಕಾಗದ ಹಗುರ, ಆದರೆ ಉಳಿದದ್ದು ಕಾಗದ ಮಾತ್ರ. ಅದೂ ಯಾರೋ ಪೆಟ್ಟಿಗೆಯಲ್ಲಿಟ್ಟು ಸಮುದ್ರ ದಾಟಿಸಿದ್ದರಿಂದ. ಆ ಹೊತ್ತಿಗೆ ನನಗೆ ಬಚ್ಚಲೊಲೆ ನೆನಪಾಯಿತು. ರುಬ್ಬಿದ ಹಿಟ್ಟು ಎಲೆಗೆ ಹಚ್ಚದೆ ಹಾಗೆಯೇ ಕೂತಿದ್ದೆ.

ಸುಟ್ಟದ್ದು ಹೋಯಿತು, ಉಳಿದದ್ದು ಏನಿದೆ ಎಂದು ನೋಡಲು ಹೊರಟರೆ ಇನ್ನೊಂದು ತಪ್ಪು ಎದುರಿಗೆ ಬಂತು. 2022ರ ಆಗಸ್ಟ್ ಮೊದಲ ವಾರ ನಮ್ಮ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಳ್ಳತ್ತಡ್ಕ, ಸುಬ್ರಹ್ಮಣ್ಯದ ಕಡೆ ಸುರಿದ ಮಳೆ, ಆದ ನಷ್ಟ ನೀವು ಓದಿರಬಹುದು. ನಮ್ಮ ಜೀವಕ್ಕೆ ಏನೂ ಆಗಲಿಲ್ಲ, ಆದರೆ ಕೆಳಗಿನ ಕೋಣೆಗೆ ಕೆಸರುನೀರು ನುಗ್ಗಿತು. ಅಲ್ಲಿದ್ದ ಮಾವನವರ ಮರದ ಪೆಟ್ಟಿಗೆ ನೆನೆಯಿತು. ಅದರಲ್ಲಿ ಹತ್ತಿಪ್ಪತ್ತು ಓಲೆಗರಿ, ಒಂದು ಕಟ್ಟು ಕಾಗದ. ಒಣಗಿಸಬೇಕಲ್ಲ ಎಂದು ನಾನು ಓಲೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ ಹರಡುವ ಹಾಗೆ ಹರಡಿದೆ. ಮೂರು ದಿನಕ್ಕೆ ಅವು ಹಪ್ಪಳದ ಹಾಗೆ ಸುರುಟಿಕೊಂಡವು. ಬಿಡಿಸಲು ಹೋದದ್ದು ಎರಡು ತುಂಡಾಯಿತು. ಅದೃಷ್ಟಕ್ಕೆ ಕಾಗದಗಳನ್ನು ಅತ್ತೆ ನನ್ನ ಕೈಗೆ ಕೊಡದೆ ತಮ್ಮ ಕೋಣೆಯಲ್ಲಿ ನೆರಳಲ್ಲಿ ಬಿಡಿಬಿಡಿಯಾಗಿ ಒಣಗಿಸಿದ್ದರು. ಆಗ ಏಕೆಂದು ಕೇಳಿರಲಿಲ್ಲ.

ನನ್ನ ಯಜಮಾನರು, “ಇದನ್ನು ಮಂಗಳೂರಿಗೆ ಒಯ್ದು ತೋರಿಸುವ, ನಮ್ಮ ಹತ್ತಿರ ಇದ್ದರೆ ಇನ್ನೆರಡು ಮಳೆಗಾಲಕ್ಕೆ ಮಣ್ಣು” ಎಂದರು. ಅತ್ತೆ ಒಪ್ಪಲಿಲ್ಲ. ನವರಾತ್ರಿಯಲ್ಲಿ ಸರಸ್ವತಿಯ ಹತ್ತಿರ ಇಟ್ಟು ಪೂಜೆ ಮಾಡುವ ವಸ್ತು, ಬಸ್ಸಿನಲ್ಲಿ ಒಯ್ಯುವುದೇ? ಎರಡು ತಿಂಗಳು ಮಾತು ಹತ್ತಿ ಇಳಿಯಿತು. ಕೊನೆಗೆ, “ತೋರಿಸಿ ತನ್ನಿ, ಕೊಟ್ಟು ಬರಬೇಡಿ” ಎಂದರು.

ಬೆಳಗ್ಗಿನ ಬಸ್ಸಿಗೆ ಹೊರಟು ಪುತ್ತೂರಿಗೆ ಬಂದು ಅಲ್ಲಿಂದ ಮಂಗಳೂರು. ಕಟ್ಟನ್ನು ಹಳೆ ಸೀರೆಯಲ್ಲಿ ಸುತ್ತಿ ಮಗುವನ್ನು ಹಿಡಿದ ಹಾಗೆ ಮಡಿಲಲ್ಲಿಟ್ಟುಕೊಂಡಿದ್ದೆ. ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ ಕಾಲದ ಪುಸ್ತಕ, ಕಾಗದಪತ್ರ, ಓಲೆಗರಿಗಳನ್ನು ಇಟ್ಟಿರುವ ಪತ್ರಾಗಾರ ಉಂಟು. ಮಗಳು ಮೊದಲೇ ವಿಚಾರಿಸಿದ್ದಳು. ನಮ್ಮಂಥವರನ್ನು ಒಳಗೆ ಬಿಡುತ್ತಾರೋ ಎಂದು ನನಗೆ ಅಳುಕಿತ್ತು. ಚಪ್ಪಲಿ ಎಲ್ಲಿ ಬಿಡುವುದೆಂದು ಕೇಳಿದೆ, ಹಾಕಿಕೊಂಡೇ ಬನ್ನಿ ಎಂದು ನಕ್ಕರು.

ಒಂದು ದೊಡ್ಡ ಕಲ್ಲಚ್ಚಿನ ಪುಸ್ತಕವನ್ನು ಮೇಜಿನ ಮೇಲಿಟ್ಟು ತೋರಿಸಿದರು. ಮೊಬೈಲಿನಲ್ಲಿ ನೋಡಿದ್ದಕ್ಕೂ ಇದಕ್ಕೂ ಬಹಳ ಅಂತರ. ಪುಟದ ಮೇಲಿನ ಸಾಲುಗಳು ವಿಶಾಲವಾಗಿ ಸಾವಕಾಶವಾಗಿ ಇವೆ. ಕೆಳಗೆ ಬರುತ್ತ ಜಾಗ ಸಾಲದೆ ಅಕ್ಷರ ಒತ್ತೊತ್ತಾಗಿದೆ. ಅಂಚೆಕಾರ್ಡಿನಲ್ಲಿ ತವರಿಗೆ ಬರೆಯುವಾಗ ಕೊನೆಗೆ ನಾವು ಮಾಡುವುದೂ ಹಾಗೆಯೇ ಅಲ್ಲವೆ? ಪುಸ್ತಕ ಹೊರಡಿಸಿದವರ ಹೆಸರು ಎಲ್ಲರಿಗೂ ಗೊತ್ತು. ದಿನವಿಡೀ ಕುಳಿತು ಆ ಅಕ್ಷರ ಬರೆದ ಊರಿನ ಲೇಖಕನ ಹೆಸರು ನಾನು ನೋಡಿದ ಪುಟದಲ್ಲಿ ಎಲ್ಲೂ ಇರಲಿಲ್ಲ. ಕೈ ಮಾತ್ರ ಇತ್ತು.

ಆ ದಿನ ಅಲ್ಲಿಗೆ ಬಂದಿದ್ದ, ಹಳೆಯ ಬರಹ ಓದಬಲ್ಲ ಒಬ್ಬ ಹಿರಿಯರು ನಮ್ಮ ಕಟ್ಟನ್ನೂ ನೋಡಿದರು. ಓಲೆಗಳನ್ನು ನೋಡಿ, “ಬೆಂಕಿಯ ಹತ್ತಿರ ಇಟ್ಟಿದ್ದಿರಾ?” ಎಂದು ಕೇಳಿದರು. ತಲೆ ತಗ್ಗಿಸಿದೆ. ಬೈಯಲಿಲ್ಲ, ಹೇಗೆ ಇಡಬೇಕೆಂದು ಹೇಳಿಕೊಟ್ಟರು. ನಿಮ್ಮಲ್ಲಿಯೂ ಇದ್ದೀತು, ಅದಕ್ಕೆ ಬರೆಯುತ್ತೇನೆ. ನೆನೆದ ಕಾಗದವನ್ನಾಗಲಿ ಓಲೆಯನ್ನಾಗಲಿ ಬಿಸಿಲಿಗೆ, ಬೆಂಕಿಗೆ ಹಿಡಿಯಬಾರದು. ನೆರಳಲ್ಲಿ ಗಾಳಿಯಾಡುವಲ್ಲಿ ಹರಡಿ, ನಡುನಡುವೆ ನೀರು ಹೀರುವ ಬಿಳಿ ಕಾಗದ ಇಡಬೇಕು, ಅಂಟಿಕೊಂಡದ್ದನ್ನು ಎಳೆದು ಬಿಡಿಸಬಾರದು. ಹರಿದಲ್ಲಿ ಸೆಲ್ಲೋಟೇಪು ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು ಎರಡೂ ಕೆಟ್ಟದ್ದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ನಮ್ಮ ಹವೆಗೆ ಬೂಸ್ಟು ಬರುತ್ತದೆ. ಒಗೆದು ಒಣಗಿಸಿದ ಹತ್ತಿಬಟ್ಟೆಯಲ್ಲಿ ಸುತ್ತಿ (ಹಳಬರು ಕೆಂಪು ಬಟ್ಟೆಯನ್ನೇ ಬಳಸುತ್ತಿದ್ದರು) ಜೊತೆಗೆ ಬಜೆಯ ತುಂಡು ಇಟ್ಟು, ಗೋಡೆಗೆ ತಾಗದ ಹಾಗೆ ಎತ್ತರದಲ್ಲಿ ಇಟ್ಟರೆ ಸಾಕು. ಮಳೆಗಾಲ ಕಳೆದ ಮೇಲೆ ಒಮ್ಮೆ ಬಿಚ್ಚಿ ನೋಡಬೇಕು. ಒಣಗಿ ಸುರುಟಿದ ಓಲೆಗೆ ಎಣ್ಣೆಯ ಉಪಚಾರವಿದೆ, ಅದನ್ನು ಬಲ್ಲವರೇ ಮಾಡಬೇಕು.

ಓಲೆಗಳಲ್ಲಿ ಇದ್ದದ್ದು ಗೇಣಿಯ ಲೆಕ್ಕ. ಆಮೇಲೆ ಕಾಗದದ ಕಟ್ಟಿನ ಮೇಲಿನ ಹಾಳೆ ತೆಗೆದರು. ನಾನು ಬಗ್ಗಿ ನೋಡಿದೆ. ‘ಳ’ದ ಬಾಲ ಕೆಳಗಿನ ಸಾಲಿನವರೆಗೆ ಇಳಿದಿತ್ತು.

ಆ ‘ಳ’ ಇದ್ದದ್ದು ‘ವಿಳಂಬಿ ಸಂವತ್ಸರ’ ಎಂಬಲ್ಲಿ. ವಿಳಂಬಿ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. 2018ರಲ್ಲಿ ಬಂದುಹೋದದ್ದು ಅದೇ. ಹಿಂದೆ ಲೆಕ್ಕ ಹಾಕಿದರೆ 1958, 1898, 1838. 1838 ಎಂದರೆ ಕಲ್ಯಾಣಪ್ಪನ ಕಾಟಕಾಯಿ ಆದ ಮರುವರ್ಷ. ನಮ್ಮ ಸುಳ್ಯ, ಬೆಳ್ಳಾರೆಯ ಕಡೆಯಿಂದ 1837ರಲ್ಲಿ ದಂಡು ಕಟ್ಟಿ ಹೋಗಿ, ಬಲ್ಮಠಕ್ಕೆ ಹತ್ತಿರವೇ ಇರುವ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರಲ್ಲ, ಆ ಕಾಲ. ನನ್ನ ಎದೆ ಹೊಡೆದುಕೊಂಡಿತು. ಆ ದಂಗೆಯ ಬಗ್ಗೆ ಕಂಪೆನಿಯವರು ಬರೆದ ಕಾಗದಗಳು ಬೇಕಾದಷ್ಟು ಉಳಿದಿವೆ. ನಮ್ಮ ಮನೆಗಳಲ್ಲಿ ಬರೆದದ್ದು? ಹಿರಿಯರು ಹಾಳೆಯನ್ನು ಬೆಳಕಿಗೆ ಹಿಡಿದು, ಇದು ಯಂತ್ರದಲ್ಲಿ ಮಾಡಿದ ಗೆರೆಕಾಗದ, 1898ರದ್ದೇ ಎಂದರು. ಸಮಾಧಾನವಾಯಿತೋ ನಿರಾಶೆಯಾಯಿತೋ ನನಗೇ ತಿಳಿಯಲಿಲ್ಲ.

ಅವರು ನಿಧಾನವಾಗಿ ಓದಿದರು. ಅದೊಂದು ಪಟ್ಟಿ. ಮದುವೆಯಾಗಿ ಹೋಗುವ ಮಗಳ ಜೊತೆ ಕಳುಹಿಸಿದ ವಸ್ತುಗಳದ್ದು. ಕಂಚಿನ ತಂಬಿಗೆ ಎರಡು, ತಾಮ್ರದ ಕೊಡಪಾನ ಒಂದು, ಕಾಲುದೀಪ ಒಂದು, ಸೀರೆ ಮೂರು, ಕರು ಸಹಿತ ಹಸು ಒಂದು. ಕೊನೆಗೆ ಆ ಹುಡುಗಿಯ ಹೆಸರು. ನಮ್ಮ ಮನೆತನದಲ್ಲಿ ಆ ಹೆಸರಿನವರು ಇದ್ದರೆಂದು ಯಜಮಾನರಿಗೆ ಗೊತ್ತೇ ಇರಲಿಲ್ಲ. ಗಂಡಸರ ಹೆಸರು ಹೇಳೆಂದರೆ ಐದು ತಲೆಮಾರು ಹೇಳುತ್ತಾರೆ.

ಸಂಜೆ ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದು ಕೂತರು.

“ಅದು ಮುತ್ತಜ್ಜನ ಕೈ” ಎಂದರು. “ಆ ಹುಡುಗಿ ಅವರ ತಂಗಿ. ಕೊಡಗಿನ ಕಡೆ ಕೊಟ್ಟಿದ್ದರಂತೆ, ಮೊದಲ ಬಾಣಂತನದಲ್ಲೇ ಹೋದಳಂತೆ. ನನ್ನ ಅತ್ತೆ ಹೇಳ್ತಿದ್ದರು.”

ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಕೇಳಿಯೇ ಬಿಟ್ಟೆ. “ಅತ್ತೆ, ನಾನು ಹಂಡೆಯ ಒಲೆಗೆ ಹಾಕಿದ ಕಟ್ಟು?”

“ಅದೂ ಅವರದ್ದೇ.”

“ಮತ್ತೆ ಆಗ ಯಾಕೆ ಹೇಳಲಿಲ್ಲ ನೀವು?”

“ಹೊತ್ತಿಕೊಂಡಾಗಿತ್ತಲ್ಲ ಮಗಳೇ. ನಿನ್ನ ಮೊದಲ ದೀಪಾವಳಿ. ಹೇಳಿ ನಿನ್ನನ್ನು ಅಳಿಸಿದರೆ ಕಾಗದ ಬರ್ತಿತ್ತಾ?”

ಅತ್ತೆ ಓದಲು ಕಲಿತವರಲ್ಲ. ಅದರಲ್ಲಿ ಏನಿತ್ತು ಎಂದು ಅವರಿಗೂ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ಪಟ್ಟಿ ಇದ್ದಿರಬಹುದು, ಯಕ್ಷಗಾನದ ಪದ ಇದ್ದಿರಬಹುದು, ಕೊಡಗಿನಿಂದ ಆ ಹುಡುಗಿ ಯಾರ ಕೈಯಲ್ಲಾದರೂ ಬರೆಸಿದ ಓಲೆಯೇ ಇದ್ದಿರಬಹುದು. ಒಂದು ಹಂಡೆ ನೀರು ಕಾಯಿತು.

ಮುಂದಿನ ಚರ್ಚೆ ಇನ್ನೂ ಮುಗಿದಿಲ್ಲ. ಓಲೆಗಳನ್ನು ಉಪಚಾರ ಬಲ್ಲವರ ಕೈಗೆ ಕೊಡಲು ಅತ್ತೆ ಒಪ್ಪಿದ್ದಾರೆ. ಕಾಗದಗಳ ಚಿತ್ರ ತೆಗೆಸಿ ಆಗಿದೆ. ಆದರೆ ಆ ಪಟ್ಟಿಯನ್ನು ಹೊರಗೆ ಕೊಡಲು ಸುತರಾಂ ಒಪ್ಪುವುದಿಲ್ಲ. “ಹೆಣ್ಣಿಗೆ ಕೊಟ್ಟದ್ದನ್ನು ಊರವರ ಮುಂದೆ ಇಡ್ಲಿಕ್ಕುಂಟಾ? ಅವರು ಎಷ್ಟು ಕೊಟ್ಟರು, ಇವರು ಎಷ್ಟು ಕೊಟ್ಟರು ಎಂದು ಲೆಕ್ಕ ಮಾಡಲಿಕ್ಕಾ?” ಎನ್ನುತ್ತಾರೆ. ಅವರು ಹೇಳುವುದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಗ್ರಂಥಾಲಯದಲ್ಲಿದ್ದರೆ ಸುರಕ್ಷಿತ ಎಂದು ಯಜಮಾನರು ಹೇಳುವುದೂ ಸರಿ. ಸದ್ಯಕ್ಕೆ ಅದು ಕೆಂಪು ಬಟ್ಟೆಯಲ್ಲಿ, ಅತ್ತೆಯ ಸೀರೆಪೆಟ್ಟಿಗೆಯಲ್ಲಿ, ಬಜೆಯ ಜೊತೆ ಇದೆ.

ಈ ಕಥೆ ಊರಲ್ಲಿ ಹಬ್ಬಿದೆ. ಕಳೆದ ದೀಪಾವಳಿಗೆ ಮೊದಲು ಪಕ್ಕದ ತೋಟದ ಮನೆಯ ಸೊಸೆ ಫೋನು ಮಾಡಿದಳು. “ಅಕ್ಕಾ, ಅಟ್ಟದಲ್ಲಿ ಒಂದು ಕಟ್ಟು ಸಿಕ್ಕಿದೆ. ಒಲೆಗೆ ಹಾಕ್ಲಿಕ್ಕೆ ತೆಗೆದದ್ದು, ನಿಮ್ಮ ನೆನಪಾಯ್ತು. ಒಮ್ಮೆ ಬಂದು ನೋಡ್ತೀರಾ?” ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದೆ. ಅಂಗಳದಲ್ಲಿ ಚಾಪೆ ಹಾಸಿ ಇಬ್ಬರೂ ಬಿಚ್ಚಿದೆವು. ಅವಳ ಮಾವನವರ ವಿಮೆಯ ರಸೀದಿಗಳು, ಅಡಿಕೆ ಮಂಡಿಯ ಚೀಟಿಗಳು, ಗಂಡನ ಏಳನೇ ತರಗತಿಯ ಅಂಕಪಟ್ಟಿ. ಗಣಿತದಲ್ಲಿ ಹದಿನೆಂಟು! ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ಅವಳು ಅದನ್ನು ಮತ್ತೆ ಕಟ್ಟಿ, ಏಣಿ ಹತ್ತಿ, ಅಟ್ಟಕ್ಕೇ ಇಟ್ಟು ಬಂದಳು.